ಆಸ್ಟ್ರೇಲಿಯಾದ ನಾಣ್ಯದ ಮೇಲೆ ಇನ್ನೂ ರಾಜನ ಮುಖ ಬೇಕಾ?

2023ರ ಅಕ್ಟೋಬರ್ 5ರಂದು ಆಸ್ಟ್ರೇಲಿಯಾದ ಟಂಕಸಾಲೆ ಹೊಸ ಮುಖವೊಂದನ್ನು ಜನರಿಗೆ ತೋರಿಸಿತು. ಬ್ರಿಟನ್ನಿಗೂ ಆಸ್ಟ್ರೇಲಿಯಾಕ್ಕೂ ರಾಜರಾದ ಮೂರನೇ ಚಾರ್ಲ್ಸ್ ಅವರ ಮುಖ. ಎಡಕ್ಕೆ ತಿರುಗಿದೆ, ತಲೆ ಮೇಲೆ ಕಿರೀಟ ಇಲ್ಲ. ಆ ವರ್ಷ ಮುಗಿಯುವ ಹೊತ್ತಿಗೆ ಈ ಮುಖವಿರುವ ಒಂದು ಡಾಲರ್ ನಾಣ್ಯ ಅಂಗಡಿಗಳ ಗಲ್ಲಾಪೆಟ್ಟಿಗೆ ಸೇರತೊಡಗಿತು.

ಮುಖ ತೋರಿಸಿದ ಒಂಬತ್ತನೇ ದಿನಕ್ಕೆ, ಅಕ್ಟೋಬರ್ 14ರಂದು, ಅದೇ ದೇಶದಲ್ಲಿ ಜನಮತಗಣನೆ ನಡೆಯಿತು. ಸಾವಿರಾರು ವರ್ಷಗಳಿಂದ ಆ ನೆಲದಲ್ಲಿರುವ ಮೂಲನಿವಾಸಿಗಳನ್ನು ಸಂವಿಧಾನದಲ್ಲಿ ಹೆಸರಿಸಿ, ಅವರ ಮಾತು ಸರ್ಕಾರಕ್ಕೆ ಮುಟ್ಟಿಸಲು ಒಂದು ಮಂಡಳಿ ಮಾಡೋಣವೇ ಎಂಬುದು ಪ್ರಶ್ನೆ. ನೂರಕ್ಕೆ ಸುಮಾರು 60 ಜನ ಬೇಡ ಎಂದರು. ಆರೂ ರಾಜ್ಯಗಳಲ್ಲಿ ಸೋಲಾಯಿತು.

ಇವೆರಡೂ ಬೇರೆ ಬೇರೆ ಇಲಾಖೆಯ, ಬೇರೆ ಬೇರೆ ಕಡತದ ಕೆಲಸಗಳು. ಆದರೂ ದೇಶ ಯಾರ ಮುಖವನ್ನು ತನ್ನದು ಅಂತ ಒಪ್ಪಿಕೊಳ್ಳುತ್ತದೆ ಎನ್ನುವ ಪ್ರಶ್ನೆ ಎರಡರಲ್ಲೂ ಇತ್ತು. ಜನಮತಗಣನೆಯ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ನಾಣ್ಯದ ಬಗ್ಗೆ ಯಾರೂ ಜನರ ಮುಂದೆ ಪ್ರಶ್ನೆ ಇಡಲಿಲ್ಲ. ರಾಣಿ ತೀರಿಕೊಂಡರು, ಮಗ ರಾಜನಾದರು, ಅಚ್ಚು ಬದಲಾಯಿತು, ಅಷ್ಟೇ.

ಅದೇ ವರ್ಷದ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕ್ ಇದಕ್ಕೆ ಉಲ್ಟಾ ತೀರ್ಮಾನ ತೆಗೆದುಕೊಂಡಿತ್ತು. 5 ಡಾಲರ್ ನೋಟಿನ ಮೇಲೆ 1992ರಿಂದ ಎರಡನೇ ಎಲಿಜಬೆತ್ ಅವರ ಮುಖ ಇತ್ತು. ಅದು ಹೋದ ಜಾಗಕ್ಕೆ ಚಾರ್ಲ್ಸ್ ಬರುವುದಿಲ್ಲ, ಮೂಲನಿವಾಸಿಗಳ ಸಂಸ್ಕೃತಿ, ಇತಿಹಾಸವನ್ನು ಗೌರವಿಸುವ ಚಿತ್ರ ಬರುತ್ತದೆ ಅಂತ ಬ್ಯಾಂಕ್ ಹೇಳಿತು. ಸರ್ಕಾರದ ಒಪ್ಪಿಗೆಯೂ ಇತ್ತು. ಆಗಿನ ವಿರೋಧ ಪಕ್ಷದ ನಾಯಕ ಪೀಟರ್ ಡಟನ್ ಸಿಟ್ಟಾದರು. ದೇಶದ ವ್ಯವಸ್ಥೆಯ ಮೇಲೇ ಇದು ದಾಳಿ ಅಂದರು. ಅದಕ್ಕೆ ಖಜಾನೆ ಸಚಿವ ಜಿಮ್ ಚಾಮರ್ಸ್ ಕೊಟ್ಟ ಸಮಾಧಾನ ಇದು: ರಾಜನ ಮುಖ ನಾಣ್ಯಗಳ ಮೇಲೆ ಇದ್ದೇ ಇರುತ್ತದೆ, ನೋಟು ನಮ್ಮ ದೇಶದ ಕಥೆ ಹೇಳಲಿ.

ಅಂದರೆ ನೋಟಿಗೆ ಬೇಡ, ನಾಣ್ಯಕ್ಕೆ ಬೇಕು. ಇಬ್ಬರನ್ನೂ ಸಮಾಧಾನ ಮಾಡುವ ಮಧ್ಯದ ದಾರಿ ಇದು ಅಂತ ಅನಿಸಬಹುದು. ಆದರೆ ನೋಟಿಗೊಂದು ನ್ಯಾಯ, ನಾಣ್ಯಕ್ಕೊಂದು ನ್ಯಾಯ ಯಾಕೆ ಎಂಬುದಕ್ಕೆ ಸಿಗುವ ಉತ್ತರ 'ಸಂಪ್ರದಾಯ' ಎಂಬುದೊಂದೇ.

ಕಾನೂನು ಏನು ಹೇಳುತ್ತದೆ ನೋಡೋಣ. ಆಸ್ಟ್ರೇಲಿಯಾದ ಸಂವಿಧಾನ ನಾಣ್ಯ ಹೊರಡಿಸುವ ಅಧಿಕಾರವನ್ನು ಕೇಂದ್ರ ಸಂಸತ್ತಿಗೆ ಕೊಟ್ಟಿದೆ. ರಾಜ್ಯಗಳು ನಾಣ್ಯ ಮಾಡಬಾರದು ಅಂತಲೂ ಹೇಳಿದೆ. ಆದರೆ ನಾಣ್ಯದ ಮೇಲೆ ಯಾರ ಚಿತ್ರ ಇರಬೇಕು ಎಂಬ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಆ ದೇಶದಲ್ಲಿ ಸಂವಿಧಾನ ತಿದ್ದುವುದು ಬಹಳ ಕಷ್ಟ. ಒಟ್ಟಾರೆ ಮತದಲ್ಲೂ ಬಹುಮತ ಬೇಕು, ಆರರಲ್ಲಿ ನಾಲ್ಕು ರಾಜ್ಯಗಳಲ್ಲೂ ಬಹುಮತ ಬೇಕು. ಇದುವರೆಗೆ ಜನರ ಮುಂದೆ ಇಟ್ಟ 45 ತಿದ್ದುಪಡಿಗಳಲ್ಲಿ ಗೆದ್ದದ್ದು 8 ಮಾತ್ರ. ನಾಣ್ಯದ ಚಿತ್ರ ಬದಲಿಸಲು ಇಷ್ಟೆಲ್ಲ ಬೇಕಾಗಿಲ್ಲ. ಸರ್ಕಾರ ಮನಸ್ಸು ಮಾಡಿದರೆ ಆಗುವ ಕೆಲಸ ಇದು.

ರಾಜನ ಮುಖ ನಾಣ್ಯದ ಮೇಲೆ ಬಂದದ್ದಕ್ಕೆ ಒಂದು ಕಾಲದಲ್ಲಿ ಗಟ್ಟಿ ಕಾರಣ ಇತ್ತು. ಬೆಳ್ಳಿ, ಚಿನ್ನದ ತೂಕ ಸರಿಯಾಗಿದೆ ಅಂತ ಯಾರಾದರೂ ಖಾತ್ರಿ ಕೊಡಬೇಕಿತ್ತು. ಆ ಖಾತ್ರಿ ರಾಜನ ಮುಖ. ಇವತ್ತು ಡಾಲರಿನ ಬೆಲೆಗೆ ಖಾತ್ರಿ ಕೊಡುವುದು ಕಾನೂನು ಮತ್ತು ರಿಸರ್ವ್ ಬ್ಯಾಂಕ್. ಚಾರ್ಲ್ಸ್ ಅವರ ಮುಖ ತೆಗೆದರೂ ಡಾಲರ್ ಒಂದು ಪೈಸೆಯಷ್ಟೂ ಕುಸಿಯುವುದಿಲ್ಲ.

ರಾಜರಿದ್ದಲ್ಲೆಲ್ಲ ನಾಣ್ಯದ ಮೇಲೆ ರಾಜನ ಮುಖ ಇದ್ದೇ ಇರುತ್ತಿತ್ತು ಅನ್ನುವುದೂ ನಿಜವಲ್ಲ. ನಮ್ಮ ನೆಲದ್ದೇ ಉದಾಹರಣೆ ತೆಗೆದುಕೊಳ್ಳಿ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದಲ್ಲಿ ಒಂದು ಕಡೆ ಸಿಂಹ, ಇನ್ನೊಂದು ಕಡೆ 'ಶ್ರೀ ತಳಕಾಡುಗೊಂಡ' ಎಂಬ ಕನ್ನಡ ಅಕ್ಷರ. ವಿಜಯನಗರದ ವರಾಹಗಳ ಮೇಲೆ ಉಮಾಮಹೇಶ್ವರ, ಬಾಲಕೃಷ್ಣ. ಮೈಸೂರಿನ ಕಂಠೀರವ ಹಣದ ಮೇಲೆ ನರಸಿಂಹ. ಟಿಪ್ಪುವಿನ ತಾಮ್ರದ ಕಾಸಿನ ಮೇಲೆ ಆನೆ. ಇವರು ಯಾರೂ ಬಲದಲ್ಲಿ ಕಡಿಮೆಯವರಲ್ಲ. ಆದರೂ ತಮ್ಮ ಮುಖ ಒತ್ತಿಸಬೇಕು ಅಂತ ಅವರಿಗೆ ಅನಿಸಲಿಲ್ಲ. ರಾಜನ ಮುಖ ಅಚ್ಚು ಹಾಕುವ ಪದ್ಧತಿ ಆಸ್ಟ್ರೇಲಿಯಾಕ್ಕೆ ಬ್ರಿಟನ್ನಿನಿಂದ ಬಂತು. ಹಿಂದಿನವರು ಬಲಕ್ಕೆ ನೋಡಿದ್ದರೆ ಮುಂದಿನವರು ಎಡಕ್ಕೆ ನೋಡಬೇಕೆಂಬ ರೂಢಿಯೂ ಅಲ್ಲಿಂದಲೇ ಬಂತು. ಚಾರ್ಲ್ಸ್ ಅವರ ಈ ಮುಖವನ್ನು ಕೆತ್ತಿದವರು ಕೂಡ ಬ್ರಿಟನ್ನಿನ ಟಂಕಸಾಲೆಯ ಕಲಾವಿದ ಡ್ಯಾನ್ ಥಾರ್ನ್.

ರಾಜನ ಮುಖ ಉಳಿಯಲಿ ಅನ್ನುವವರ ಬಳಿ ಒಂದು ಒಳ್ಳೆಯ ವಾದ ಇದೆ. ಅದನ್ನು ಸುಮ್ನೆ ತಳ್ಳಿಹಾಕಬಾರದು. ಚಾರ್ಲ್ಸ್ ಆಸ್ಟ್ರೇಲಿಯಾದ ರಾಜ. ಇದು ಯಾರಿಗೆ ಇಷ್ಟ ಆಗಲಿ ಬಿಡಲಿ, ಕಾನೂನಿನ ಪ್ರಕಾರ ನಿಜ. 1999ರ ನವೆಂಬರ್ 6ರಂದು ಗಣರಾಜ್ಯ ಆಗೋಣವೇ ಅಂತ ಕೇಳಿದಾಗ ನೂರಕ್ಕೆ 54.87 ಜನ ಬೇಡ ಅಂದಿದ್ದಾರೆ. ನಾಣ್ಯ ದೇಶದ ನಿಜ ಸ್ಥಿತಿಯನ್ನು ಹೇಳಬೇಕು. ರಾಜ ಇರುವವರೆಗೆ ರಾಜನ ಮುಖ ಇರಲಿ, ರಾಜ ಹೋದ ದಿನ ಮುಖವೂ ಹೋಗಲಿ. ಇದು ಅವರ ವಾದ.

ನಾಣ್ಯ ನಿಜ ಹೇಳಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಅದಕ್ಕೆ ನಮ್ಮ ದೇಶಕ್ಕೇ ಸಂಬಂಧಪಟ್ಟ ಸಾಕ್ಷಿ ಒಂದು ಆಸ್ಟ್ರೇಲಿಯಾದ ಹಳೆಯ ನಾಣ್ಯಗಳಲ್ಲೇ ಇದೆ. 1948ರವರೆಗಿನ ಅಲ್ಲಿನ ಪೆನ್ನಿಯಲ್ಲಿ ಆರನೇ ಜಾರ್ಜ್ ಮುಖದ ಸುತ್ತ ಇರುವ ಲ್ಯಾಟಿನ್ ಅಕ್ಷರಗಳನ್ನು ಓದಿ. ಕೊನೆಯಲ್ಲಿ 'ಇಂಡ್ ಇಂಪ್' ಅಂತ ಇದೆ. ಭಾರತದ ಚಕ್ರವರ್ತಿ ಅಂತ ಅದರ ಅರ್ಥ. ಮೆಲ್ಬರ್ನಿನಲ್ಲಿ ಬ್ರೆಡ್ ಕೊಳ್ಳುವ ಕಾಸಿನ ಮೇಲೂ ಭಾರತದ ಮೇಲಿನ ಹಕ್ಕು ಬರೆದಿತ್ತು! 1947ರಲ್ಲಿ ನಾವು ಸ್ವತಂತ್ರರಾದೆವು. 1949ರಿಂದ ಆ ಎರಡು ಪದ ಅಲ್ಲಿನ ನಾಣ್ಯಗಳಿಂದ ಮಾಯವಾದವು.

ಆದರೆ ನಿಜ ಹೇಳುವುದು ಬೇರೆ, ಇರುವ ನಿಜಗಳಲ್ಲಿ ಯಾವುದನ್ನು ಎದ್ದು ಕಾಣಿಸಬೇಕು ಅಂತ ಆರಿಸಿಕೊಳ್ಳುವುದು ಬೇರೆ, ಅಲ್ವಾ? ಕಾಂಗರೂ ಇರುವುದೂ ನಿಜ. ರಾಜ ಇರುವುದೂ ನಿಜ. ರಾಜನನ್ನು ಇಟ್ಟುಕೊಂಡೇ ಅವನ ಮುಖವನ್ನು ನಾಣ್ಯದಿಂದ ಇಳಿಸಿದ ದೇಶಗಳು ಹಲವು ಇವೆ. 

ಐರ್ಲೆಂಡ್ 1928ರಲ್ಲಿ ತನ್ನದೇ ನಾಣ್ಯ ತಂದಾಗ ಐದನೇ ಜಾರ್ಜ್ ಅವರೇ ಅಲ್ಲಿಯೂ ರಾಜ. ಆದರೂ ನಾಣ್ಯದ ಒಂದು ಬದಿಗೆ ವೀಣೆಯಂಥ ಹಾರ್ಪ್ ವಾದ್ಯ, ಇನ್ನೊಂದು ಬದಿಗೆ ಪ್ರಾಣಿಗಳು. ಸಾಲ್ಮನ್ ಮೀನು, ಹೋರಿ, ಕುದುರೆ, ಬೇಟೆನಾಯಿ, ಮೊಲ, ಮರಿಗಳ ಜೊತೆ ಕೋಳಿ, ಮರಿಗಳ ಜೊತೆ ಹಂದಿ. ಇವನ್ನು ಆರಿಸಿದ ಸಮಿತಿಗೆ ಕವಿ ಯೇಟ್ಸ್ ಅಧ್ಯಕ್ಷರು. ರೈತರ ದೇಶ, ರೈತರ ಮನೆಯ ಜೀವಗಳು. ಇಷ್ಟು ಚೆಂದದ ನಾಣ್ಯಗಳು ಇಪ್ಪತ್ತನೇ ಶತಮಾನದಲ್ಲಿ ಕಡಿಮೆ ಅಂತ ನನ್ನ ಅಭಿಪ್ರಾಯ.

ಆಸ್ಟ್ರೇಲಿಯಾದ ಪಕ್ಕದ ಪಾಪುವಾ ನ್ಯೂಗಿನಿ 1975ರಲ್ಲಿ ಸ್ವತಂತ್ರವಾಯಿತು. ಇವತ್ತಿಗೂ ಚಾರ್ಲ್ಸ್ ಅಲ್ಲಿನ ರಾಜ. ಅಲ್ಲಿನ ಹಣದ ಹೆಸರು ಕೀನಾ. ಹಿಂದೆ ಹಣದ ಹಾಗೆ ಬಳಸುತ್ತಿದ್ದ ಒಂದು ಬಗೆಯ ಚಿಪ್ಪಿನ ಹೆಸರು ಅದು. ಅವರ ಒಂದು ಕೀನಾ ನಾಣ್ಯದ ನಡುವೆ ತೂತು ಇದೆ, ಜೊತೆಗೆ ಎರಡು ಮೊಸಳೆಗಳು. ಜಮೈಕಾಕ್ಕೂ ಚಾರ್ಲ್ಸ್ ಅವರೇ ರಾಜ. ಆದರೆ 1969ರಲ್ಲಿ ಡಾಲರ್ ಬಂದಾಗಿನಿಂದ ಅಲ್ಲಿನ ನಾಣ್ಯದ ಮೇಲೆ ದೇಶದ ಲಾಂಛನ ಇದೆ. ಬಾರ್ಬಡೋಸ್ ಗಣರಾಜ್ಯ ಆದದ್ದು 2021ರಲ್ಲಿ. ಅದರ ನಾಣ್ಯಗಳ ಮೇಲೆ 1973ರಿಂದಲೇ ರಾಣಿ ಇರಲಿಲ್ಲ.

ಫಿಜಿಯದ್ದು ಇದಕ್ಕೆ ತಲೆಕೆಳಗಾದ ಕಥೆ. 1987ರಲ್ಲಿ ಅದು ಗಣರಾಜ್ಯ ಆಯಿತು. ಆದರೂ ಎಲಿಜಬೆತ್ ಅವರ ಮುಖ ಅಲ್ಲಿನ ಹಣದ ಮೇಲೆ ಮತ್ತೂ ಇಪ್ಪತ್ತೈದು ವರ್ಷ ಇತ್ತು. ರಾಣಿ ಇಲ್ಲದ ದೇಶದಲ್ಲಿ ರಾಣಿಯ ನಾಣ್ಯ! ರಾಜ ಇರುವುದಕ್ಕೂ ನಾಣ್ಯದ ಮೇಲೆ ರಾಜನ ಮುಖ ಇರುವುದಕ್ಕೂ ಕಟ್ಟಿದ ಗಂಟು ಏನೂ ಇಲ್ಲ ಅಂತ ಈ ದೇಶಗಳನ್ನು ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ 'ಮೊದಲು ಗಣರಾಜ್ಯ ಆಗಲಿ, ಆಮೇಲೆ ನೋಡೋಣ' ಎಂಬ ಮಾತಿಗೆ ನಾನು ಒಪ್ಪುವುದಿಲ್ಲ. ಆ 'ಆಮೇಲೆ' ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಪ್ರಧಾನಿ ಆಂಥನಿ ಆಲ್ಬನೀಸ್ 2022ರಲ್ಲಿ ಗಣರಾಜ್ಯದ ಕೆಲಸಕ್ಕೆಂದೇ ಒಬ್ಬ ಸಹಾಯಕ ಸಚಿವರನ್ನು ನೇಮಿಸಿದ್ದರು. 2024ರಲ್ಲಿ ಆ ಹುದ್ದೆಯನ್ನೇ ಕೈಬಿಟ್ಟರು.

ಆಸ್ಟ್ರೇಲಿಯಾದ ಜನ ಇಂಥ ವಿಷಯದಲ್ಲಿ ಸುಮ್ಮನೆ ತಲೆಯಾಡಿಸುವವರೂ ಅಲ್ಲ. 1963ರಲ್ಲಿ ಪೌಂಡ್ ಬಿಟ್ಟು ಹೊಸ ಹಣಕ್ಕೆ ಹೋಗುವಾಗ ಆಗಿನ ಪ್ರಧಾನಿ ಮೆಂಜೀಸ್ ಅವರ ಸರ್ಕಾರ ಅದಕ್ಕೆ 'ರಾಯಲ್' ಅಂತ ಹೆಸರಿಟ್ಟಿತು. ಮೆಂಜೀಸ್ ರಾಣಿಯ ದೊಡ್ಡ ಅಭಿಮಾನಿ. ಜನ ಎಷ್ಟು ಗಲಾಟೆ ಮಾಡಿದರೆಂದರೆ ಕೆಲವೇ ತಿಂಗಳಲ್ಲಿ ಸರ್ಕಾರ ಆ ಹೆಸರನ್ನು ವಾಪಸ್ ತೆಗೆದುಕೊಂಡು 'ಡಾಲರ್' ಅಂದಿತು. ರಾಣಿಯ ಮೇಲೆ ಆ ಕಾಲದಲ್ಲಿ ಜನರಿಗೆ ಪ್ರೀತಿ ಕಡಿಮೆ ಏನೂ ಇರಲಿಲ್ಲ. ಆದರೂ ತಮ್ಮ ಹಣಕ್ಕೆ ಅರಮನೆಯ ಹೆಸರು ಬೇಡ ಅಂದರು.

ಈಗ ಒಂದು ನಾಣ್ಯವನ್ನು ಹತ್ತಿರದಿಂದ ನೋಡೋಣ. ಆಸ್ಟ್ರೇಲಿಯಾದ 2 ಡಾಲರ್. 1988ರಲ್ಲಿ ಬಂದದ್ದು. ಬಂಗಾರದ ಬಣ್ಣ, 20.5 ಮಿಲಿಮೀಟರ್ ಅಗಲ. ಬೆಲೆ ಎರಡು ಪಟ್ಟು, ಆದರೆ ಒಂದು ಡಾಲರಿಗಿಂತ ಚಿಕ್ಕದು. ಒಂದು ಬದಿಯಲ್ಲಿ ಗಡ್ಡದ ಹಿರಿಯರೊಬ್ಬರ ಮುಖ. ಜೊತೆಗೆ ದಕ್ಷಿಣದ ಆಕಾಶದಲ್ಲಿ ಕಾಣುವ ಐದು ನಕ್ಷತ್ರಗಳ ಗುಂಪು ಮತ್ತು ಆ ನೆಲದ್ದೇ ಆದ ಒಂದು ಹುಲ್ಲುಮರ. ಈ ಮುಖಕ್ಕೆ ಪ್ರೇರಣೆ ವಾರ್ಲ್‌ಪಿರಿ ಎಂಬ ಮೂಲನಿವಾಸಿ ಜನಾಂಗದ ಗ್ವೋಯಾ ಜುಂಗುರಾಯಿ ಎಂಬವರ ಚಿತ್ರ. 1950ರಲ್ಲಿ ಅವರ ಮುಖ ಅಂಚೆಚೀಟಿಯ ಮೇಲೂ ಬಂದಿತ್ತು.

ಗ್ವೋಯಾ 1928ರ ಕಾನಿಸ್ಟನ್ ಹತ್ಯಾಕಾಂಡದಲ್ಲಿ ಬದುಕಿ ಉಳಿದವರು. ಆ ವರ್ಷ ಉತ್ತರ ಪ್ರಾಂತ್ಯದಲ್ಲಿ ಒಬ್ಬ ಬಿಳಿಯ ಬೇಟೆಗಾರನ ಕೊಲೆಯಾಯಿತು. ಅದಕ್ಕೆ ಸೇಡು ಅಂತ ಪೊಲೀಸ್ ಪೇದೆ ವಿಲಿಯಂ ಮರ್ರೆಯ ತಂಡ ವಾರಗಟ್ಟಲೆ ಸುತ್ತಾಡಿ ಮೂಲನಿವಾಸಿಗಳನ್ನು ಗುಂಡಿಟ್ಟು ಕೊಂದಿತು. ಸರ್ಕಾರಿ ಲೆಕ್ಕದಲ್ಲಿ ಸತ್ತವರು 31. ಮೂಲನಿವಾಸಿಗಳ ನೆನಪಿನಲ್ಲಿ ಆ ಸಂಖ್ಯೆ ಇದಕ್ಕಿಂತ ಬಹಳ ಜಾಸ್ತಿ. ವಿಚಾರಣೆ ನಡೆಯಿತು, ಕೊಂದವರು ಮಾಡಿದ್ದು ಸರಿ ಅಂತ ತೀರ್ಮಾನವಾಯಿತು. ಆ ಪೊಲೀಸರು ರಾಜನ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದವರು.

ಈಗ ಆ 2 ಡಾಲರ್ ನಾಣ್ಯವನ್ನು ತಿರುಗಿಸಿ. ಇನ್ನೊಂದು ಬದಿಯಲ್ಲಿ ರಾಣಿ, ಹೊಸದಾದರೆ ರಾಜ. ಒಂದೇ ನಾಣ್ಯದ ಎರಡು ಬದಿ. ಒಂದು ಬದಿಯವರ ಹೆಸರಿನಲ್ಲಿ ನಡೆದ ಕೊಲೆಗಳಿಂದ ತಪ್ಪಿಸಿಕೊಂಡವರ ನೆನಪು ಇನ್ನೊಂದು ಬದಿಯಲ್ಲಿ. ಅದರಲ್ಲೂ ಹೆಸರು ಬರೆದಿರುವುದು ರಾಜನದ್ದು ಮಾತ್ರ. ಹಿರಿಯರ ಹೆಸರು ನಾಣ್ಯದಲ್ಲಿ ಇಲ್ಲ. ನನಗೆ ಇದು ಸಹಿಸಲು ಕಷ್ಟವಾಗುತ್ತದೆ.

ಅಂದಮಾತ್ರಕ್ಕೆ ರಾಜನನ್ನು ಇಳಿಸಿ ಮೂಲನಿವಾಸಿಗಳ ಚಿತ್ರ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬುವುದಿಲ್ಲ. ಅದಕ್ಕೂ ಆಸ್ಟ್ರೇಲಿಯಾದ ಹಣದಲ್ಲೇ ಒಂದು ಪಾಠ ಇದೆ. 1966ರಲ್ಲಿ ಬಂದ ಒಂದು ಡಾಲರ್ ನೋಟಿನ ಮೇಲೆ ಉತ್ತರದ ಅರ್ನಮ್ ಲ್ಯಾಂಡಿನ ಮೂಲನಿವಾಸಿ ಕಲಾವಿದ ಡೇವಿಡ್ ಮಲಾಂಗಿ ಮರದ ತೊಗಟೆ ಮೇಲೆ ಬರೆದ ಚಿತ್ರವನ್ನು ಬಳಸಿದ್ದರು. ಅವರನ್ನು ಒಂದು ಮಾತೂ ಕೇಳಿರಲಿಲ್ಲ. ವಿಷಯ ಹೊರಬಂದ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರ್ ಅವರಿಗೆ 1,000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸಲಕರಣೆ ಕೊಟ್ಟು ಗೌರವಿಸಿದರು. ದೇಶದ ಪ್ರತಿಯೊಬ್ಬರ ಕೈಯಲ್ಲಿ ಓಡಾಡಿದ ಚಿತ್ರ ಅದು. ಚಿತ್ರ ಹಾಕುವ ಮೊದಲು ಕೇಳಬೇಕು, ಹೆಸರು ಹೇಳಬೇಕು, ಕೊಡಬೇಕಾದ್ದನ್ನು ಕೊಡಬೇಕು. ಇದು ಇಲ್ಲದಿದ್ದರೆ ಬರೀ ಮುಖ ಬದಲಾದಂತೆ ಆಗುತ್ತದೆ.

ಖರ್ಚಿನ ಮಾತು ಬೇಗ ಮುಗಿಸಬಹುದು. ರಾಜ ಬದಲಾದಾಗ ಹೇಗಿದ್ದರೂ ಹೊಸ ಅಚ್ಚು ಮಾಡಲೇಬೇಕು. ಬೇರೆ ಸಮಯದಲ್ಲೂ ಅಚ್ಚುಗಳು ಸವೆಯುತ್ತಿರುತ್ತವೆ, ಹೊಸದು ಮಾಡುತ್ತಲೇ ಇರುತ್ತಾರೆ. ಹಳೆಯ ನಾಣ್ಯ ವಾಪಸ್ ತೆಗೆದುಕೊಳ್ಳುವ ಅಗತ್ಯವೂ ಇಲ್ಲ. ಕ್ಯಾನ್‌ಬೆರಾದ ಟಂಕಸಾಲೆ 1965ರಿಂದ 1,500 ಕೋಟಿಗೂ ಹೆಚ್ಚು ನಾಣ್ಯ ಹೊರಡಿಸಿದೆ. ಅವು ತಮ್ಮ ಪಾಡಿಗೆ ಓಡಾಡಲಿ. ಪಾರ್ಕಿಂಗ್ ಯಂತ್ರಗಳಿಗೂ ತೊಂದರೆ ಇಲ್ಲ. ಅವು ನಾಣ್ಯವನ್ನು ಗುರುತಿಸುವುದು ಲೋಹ, ತೂಕ, ಅಳತೆಯಿಂದ.

'ಈಗ ನಾಣ್ಯ ಬಳಸುವವರೇ ಕಡಿಮೆ, ಯಾರು ನೋಡುತ್ತಾರೆ ಬಿಡಿ' ಎನ್ನುವವರೂ ಇದ್ದಾರೆ. ಬಳಕೆ ಇಳಿದಿರುವುದು ನಿಜ. ರಿಸರ್ವ್ ಬ್ಯಾಂಕಿನ ಸಮೀಕ್ಷೆ ಪ್ರಕಾರ 2007ರಲ್ಲಿ ಜನ ಮಾಡಿದ ನೂರು ಪಾವತಿಗಳಲ್ಲಿ ಸುಮಾರು 70 ನಗದಿನಲ್ಲಿದ್ದವು. 2022ರ ಹೊತ್ತಿಗೆ ಅದು 13ಕ್ಕೆ ಇಳಿದಿತ್ತು. ಆದರೆ ಯಾರೂ ನೋಡುವುದಿಲ್ಲ ಎಂಬ ಮಾತನ್ನು ನಮ್ಮದೇ ಇತಿಹಾಸ ಒಪ್ಪುವುದಿಲ್ಲ. 1911ರಲ್ಲಿ ಐದನೇ ಜಾರ್ಜ್ ಮುಖದ ರೂಪಾಯಿ ಭಾರತಕ್ಕೆ ಬಂತು. ರಾಜನ ನಿಲುವಂಗಿಯ ಮೇಲೆ ಆನೆಯ ಚಿತ್ರ ಇತ್ತು. ಅದು ಎಷ್ಟು ಚಿಕ್ಕದೆಂದರೆ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಮುಸ್ಲಿಮರಿಗೆ ನೋವಾಯಿತು. ಸರ್ಕಾರ ಆ ನಾಣ್ಯ ಹೊರಡಿಸುವುದನ್ನು ನಿಲ್ಲಿಸಿ, ಆನೆಯನ್ನು ತಿದ್ದಿ, 1912ರಲ್ಲಿ ಹೊಸದಾಗಿ ತಂದಿತು. ನಾಣ್ಯವನ್ನು ಜನ ನೋಡುತ್ತಾರೆ. ತಮಗೆ ನೋವು ಮಾಡುವಂಥದ್ದು ಇದ್ದರೆ ಇನ್ನೂ ಹತ್ತಿರದಿಂದ ನೋಡುತ್ತಾರೆ.

ಭಾರತ ರಾಜನ ಮುಖವನ್ನು ಇಳಿಸಿದ ರೀತಿ ನನಗೆ ಇಷ್ಟ. ಆತುರ ಇರಲಿಲ್ಲ. 1947ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಆರನೇ ಜಾರ್ಜ್ ಮುಖದ ನಾಣ್ಯಗಳೇ ಓಡಾಡುತ್ತಿದ್ದವು. 1950ರ ಜನವರಿಯಲ್ಲಿ ಗಣರಾಜ್ಯ ಆಯಿತು. ಅದೇ ವರ್ಷ ಆಗಸ್ಟ್ 15ರಂದು ಹೊಸ ನಾಣ್ಯಗಳು ಬಂದವು. ರಾಜನ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು. ಒಂದು ರೂಪಾಯಿಯ ಇನ್ನೊಂದು ಬದಿಯಲ್ಲಿದ್ದ ಹುಲಿಯ ಜಾಗಕ್ಕೆ ತೆನೆ ಬಂತು. ಒಬ್ಬರ ಮುಖ ತೆಗೆದು ಇನ್ನೊಬ್ಬರ ಮುಖ ಕೂರಿಸಲಿಲ್ಲ. ಆಗ ದೊಡ್ಡ ನಾಯಕರಿಗೇನೂ ಕಡಿಮೆ ಇರಲಿಲ್ಲ. ಆದರೂ ಎಲ್ಲರೂ ತಮ್ಮದು ಎನ್ನಬಹುದಾದ ಗುರುತನ್ನು ಆರಿಸಿದರು. ರಾಜರಾಣಿಯರ ಮೇಲೆ ಹಗೆಯನ್ನೂ ಸಾಧಿಸಲಿಲ್ಲ. ವಿಕ್ಟೋರಿಯಾ ರಾಣಿಯ ತಲೆ ಇರುವ ಬೆಳ್ಳಿ ರೂಪಾಯಿ ಇವತ್ತಿಗೂ ನಮ್ಮ ಎಷ್ಟೋ ಮನೆಗಳಲ್ಲಿ ಲಕ್ಷ್ಮೀ ಪೂಜೆಗೆ ಇಡುತ್ತಾರೆ. ಅದರಲ್ಲಿ ಯಾರೂ ರಾಣಿಯನ್ನು ಕಾಣುವುದಿಲ್ಲ, ಬೆಳ್ಳಿಯನ್ನು ಕಾಣುತ್ತಾರೆ.

ಆಸ್ಟ್ರೇಲಿಯಾಕ್ಕೆ ಈ ಕೆಲಸ ಇನ್ನೂ ಸುಲಭ. ಸ್ಟುವರ್ಟ್ ಡೆವ್ಲಿನ್ 1966ರ ನಾಣ್ಯಗಳಿಗೆ ಕೆತ್ತಿದ ಪ್ರಾಣಿ ಪಕ್ಷಿಗಳು ಈಗಾಗಲೇ ಜನರಿಗೆ ಮನೆಯವರಷ್ಟು ಪರಿಚಿತ. ಮುಳ್ಳಿನ ಮೈಯ ಎಕಿಡ್ನಾ 5 ಸೆಂಟಿನಲ್ಲಿ, ಬಾಲ ಬಿಚ್ಚಿದ ಲೈರ್ ಹಕ್ಕಿ 10ರಲ್ಲಿ, ಈಜುವ ಪ್ಲಾಟಿಪಸ್ 20ರಲ್ಲಿ. ಒಂದು ಡಾಲರಿನಲ್ಲಿರುವ ಐದು ಕಾಂಗರೂಗಳೂ ಅವರದ್ದೇ ಕೈಕೆಲಸ. ಆ ದೇಶದ ಮಕ್ಕಳು ಈ ನಾಣ್ಯಗಳನ್ನು ಗುರುತು ಹಿಡಿಯುವುದು ಈ ಬದಿಯಿಂದ. ಆರು ನಾಣ್ಯಗಳಲ್ಲೂ ಒಂದೇ ಥರ ಇರುವ ಬದಿ ರಾಜನದ್ದು.

ಇನ್ನೊಂದು ಮಾತು. ಸಿಡ್ನಿ, ಮೆಲ್ಬರ್ನಿನಲ್ಲಿ ನೆಲೆಸಿದ ಕನ್ನಡದವರು ಅಲ್ಲಿನ ಪೌರತ್ವ ಪಡೆಯುವಾಗ ಹೇಳುವ ಪ್ರತಿಜ್ಞೆಯಲ್ಲಿ ರಾಜನ ಹೆಸರಿಲ್ಲ. 1994ರಲ್ಲೇ ಅದನ್ನು ತೆಗೆದಿದ್ದಾರೆ. ಅವರು ನಿಷ್ಠೆ ಹೇಳುವುದು ಆಸ್ಟ್ರೇಲಿಯಾಕ್ಕೆ, ಅಲ್ಲಿನ ಜನರಿಗೆ. ಸಂವಿಧಾನ ಬದಲಿಸದೆ, ಗಣರಾಜ್ಯಕ್ಕೆ ಕಾಯದೆ ಆ ಬದಲಾವಣೆ ಆಯಿತು. ಪ್ರತಿ ವರ್ಷ ಸಾವಿರಾರು ಹೊಸಬರು ಆ ಮಾತು ಹೇಳಿ ಆ ದೇಶದವರಾಗುತ್ತಾರೆ. ಪ್ರತಿಜ್ಞೆಗೆ ಆದದ್ದು ನಾಣ್ಯಕ್ಕೂ ಆಗಬಹುದು.

ನನ್ನ ಮಟ್ಟಿಗೆ ದಾರಿ ಹೀಗಿರಬೇಕು. ಚಾರ್ಲ್ಸ್ ಮುಖದ ನಾಣ್ಯಗಳು ಬಂದಾಗಿದೆ, ಅವು ಇರಲಿ. ಇನ್ನು ಮುಂದೆ ರಾಜ ಬದಲಾಗುವ ದಿನಕ್ಕೆ ಕಾಯದೆ, ಈಗಲೇ ಸರ್ಕಾರ ಜನರನ್ನು ಕೇಳಲಿ. 5 ಡಾಲರ್ ನೋಟಿನ ವಿಷಯದಲ್ಲಿ ರಾಜನ ಮುಖ ಬೇಡ ಅಂತ ಬ್ಯಾಂಕ್ ಮೊದಲೇ ತೀರ್ಮಾನಿಸಿತು, ಯಾವ ವಿಷಯದ ಚಿತ್ರ ಬೇಕು ಅಂತ ಆಮೇಲೆ 2024ರಲ್ಲಿ ಜನರಿಂದ ಸಲಹೆ ಕೇಳಿತು. ಎರಡು ಸಾವಿರಕ್ಕೂ ಹೆಚ್ಚು ಸಲಹೆ ಬಂದವು. ನಾಣ್ಯಕ್ಕೆ ಆ ಕ್ರಮ ಬೇಡ. ರಾಜನ ಮುಖ ಇರಬೇಕಾ ಎಂಬುದನ್ನೇ ಮೊದಲ ಪ್ರಶ್ನೆಯಾಗಿ ಕೇಳಲಿ. ಇರಲಿ ಅನ್ನುವವರಿಗೂ ತಮ್ಮ ಮಾತು ಹೇಳುವ ಅವಕಾಶ ಸಿಗಲಿ. ಬೇಡ ಅಂತ ತೀರ್ಮಾನವಾದರೆ 2 ಡಾಲರಿನಿಂದಲೇ ಶುರು ಮಾಡಲಿ. ಅದರಲ್ಲಿ ಏನು ಬರಬೇಕು, ಯಾರ ಹೆಸರು ಬರೆಯಬೇಕು ಅಂತ ವಾರ್ಲ್‌ಪಿರಿ ಜನರನ್ನು ಮೊದಲು ಕೇಳಲಿ.